ಅಮಾಲಿಯಾ ಕೂಗಬೇಕಿದ್ದ ಜೈಕಾರ

ನಾನು ಇಂಗ್ಲೆಂಡಿಗೆ ಹೋಗಿ ಬಂದೆನೆಂದು ತಿಳಿದವರು ರಾಣಿಯ ಅರಮನೆ ಹೇಗಿದೆ, ಥೇಮ್ಸ್ ನದಿ ನಮ್ಮ ತುಂಗೆಗಿಂತ ದೊಡ್ಡದೇ ಎಂದು ಕೇಳುತ್ತಾರೆ. ನಾನು ಲಂಡನ್ನಿಗೆ ಹೋಗಲೇ ಇಲ್ಲ. ಎರಡು ಸಾವಿರದ ಐದನೇ ಇಸವಿಯಲ್ಲಿ ನಾಟಿಂಗ್‌ಹ್ಯಾಮಿನ ತಮ್ಮನ ಮನೆಯಲ್ಲಿ ಮೂರು ತಿಂಗಳು ಇರಲೆಂದು ಹೋದವಳು ಕಣ್ತುಂಬ ನೋಡಿದ್ದು ಒಂದು ಆಸ್ಪತ್ರೆಯ ಆರು ಹಾಸಿಗೆಗಳ ಕೋಣೆಯನ್ನು. ಅಲ್ಲಿ ಒಂದು ಸ್ವಾತಂತ್ರ್ಯ ದಿನಾಚರಣೆಯೂ ನಡೆಯಿತು. ಅದು ನಮ್ಮ ದೇಶದ್ದಲ್ಲ, ಅವರ ದೇಶದ್ದೂ ಅಲ್ಲ, ಮೆಕ್ಸಿಕೋದ್ದು. ಅದು ಕೆಟ್ಟು ಹೋದದ್ದರಲ್ಲಿ ನನ್ನ ಪಾಲೂ ಇದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾಟಿಂಗ್‌ಹ್ಯಾಮ್, ಟ್ರಾಮ್ ನಿಲ್ದಾಣ

ನನ್ನ ತಮ್ಮ ಮಂಜುನಾಥ ಅರಿವಳಿಕೆ ಡಾಕ್ಟರು, ಅವನ ಹೆಂಡತಿ ಶೈಲಾ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ಇಬ್ಬರಿಗೂ ರೋಟಾ ಎಂಬ ಡ್ಯೂಟಿ ಪಟ್ಟಿಯೇ ಪಂಚಾಂಗ. ಅದನ್ನು ನೋಡದೆ ಅವರು ಒಂದು ಊಟಕ್ಕೂ ಒಪ್ಪುವುದಿಲ್ಲ. ಆಗಸ್ಟ್ ಕೊನೆಯ ವಾರ ಇಬ್ಬರಿಗೂ ರಜೆ ಕೂಡಿ ಬಂತು. ಹೋದ ವರ್ಷವಷ್ಟೇ ಆ ಊರಿಗೆ ಬಂದಿದ್ದ ಟ್ರಾಮನ್ನು ತೋರಿಸಲು ನನ್ನನ್ನು ಕರೆದುಕೊಂಡು ಹೊರಟರು.

ನಾನು ಶಿಕಾರಿಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದವಳು. ರೈಲು ರಸ್ತೆಯ ಮಧ್ಯೆ, ಅಂಗಡಿಗಳ ಬಾಗಿಲ ಮುಂದೆ ಬರುವುದನ್ನು ನೋಡುತ್ತ ನಿಂತೆ. ಹತ್ತಲು ಒಂದು ಹೆಜ್ಜೆ ಇಟ್ಟಾಗ ಸೀರೆಯ ಅಂಚು ಕ್ಯಾನ್ವಾಸ್ ಬೂಟಿನ ಕೆಳಗೆ ಸಿಕ್ಕಿತು. ಬಿದ್ದದ್ದು ಗೊತ್ತಾಗಲಿಲ್ಲ. ಸೊಂಟದಲ್ಲಿ ಒಣ ಕಟ್ಟಿಗೆ ಮುರಿದಂಥ ಸದ್ದು ಮಾತ್ರ ಕೇಳಿಸಿತು.

ನಮ್ಮೂರಿನಲ್ಲಾಗಿದ್ದರೆ ಹತ್ತು ಜನ ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ಹಾಕುತ್ತಿದ್ದರು. ಇಲ್ಲಿ ಯಾರೂ ನನ್ನನ್ನು ಮುಟ್ಟಲಿಲ್ಲ. ಒಬ್ಬ ತನ್ನ ಕೋಟು ಬಿಚ್ಚಿ ನನಗೆ ಹೊದಿಸಿದ. ಒಬ್ಬಳು ಪಕ್ಕದಲ್ಲಿ ಕುಳಿತು ನನ್ನ ಹೆಸರು ಕೇಳಿ, ಅದನ್ನು ತಪ್ಪು ತಪ್ಪಾಗಿ ಕರೆಯುತ್ತ ಎಚ್ಚರವಾಗಿರಿ ಎಂದಳು. ಸುತ್ತ ನಿಂತವರೆಲ್ಲ ತಾವೇ ಬೀಳಿಸಿದವರಂತೆ ಸಾರಿ ಎನ್ನುತ್ತಿದ್ದರು. ಮುಟ್ಟದೆ ಇದ್ದದ್ದೇ ಸರಿ, ಎತ್ತಿದ್ದರೆ ಮೂಳೆ ಇನ್ನಷ್ಟು ಸರಿಯುತ್ತಿತ್ತು ಎಂದು ಮಂಜು ಆಮೇಲೆ ಹೇಳಿದ. ಆ ಹೊತ್ತಿಗೆ ಮಾತ್ರ ಅಷ್ಟು ಜನರ ನಡುವೆ ನಾನೊಬ್ಬಳೇ ಎನ್ನಿಸಿ ಅಳು ಬಂದಿತ್ತು.

ಆರು ಹಾಸಿಗೆ

ಆಪರೇಷನ್ ಆದ ಮೇಲೆ ನನ್ನನ್ನು ಕಿಟಕಿಯ ಪಕ್ಕದ ಹಾಸಿಗೆಗೆ ತಂದರು. ಮಂಜು ಕೆಲಸ ಮಾಡುವ ಆಸ್ಪತ್ರೆ ಬೇರೆ, ಇದು ಬೇರೆ. ಎದುರಿನ ಹಾಸಿಗೆಯಲ್ಲಿ ಡೋರೀನ್ ಎಂಬ ತೊಂಬತ್ತು ದಾಟಿದ ಅಜ್ಜಿ. ದಿನಕ್ಕೆರಡು ಸಲ ಬಸ್ಸು ಬಂತಾ ಎಂದು ಕೇಳುತ್ತಿದ್ದರು. ನನ್ನ ಎಡಕ್ಕೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಅಮಾಲಿಯಾ.

ಅವರಿಗೆ ನನಗಿಂತ ಏಳೆಂಟು ವರ್ಷ ಹೆಚ್ಚಿರಬೇಕು. ನಮ್ಮ ಕಡೆಯವರದೇ ಮೈಬಣ್ಣ, ಎರಡು ತೆಳು ಜಡೆ. ಸೀರೆ ಉಡಿಸಿ ಶಿಕಾರಿಪುರದ ಶನಿವಾರದ ಸಂತೆಯಲ್ಲಿ ನಿಲ್ಲಿಸಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಅವರಿಗೆ ಬರುತ್ತಿದ್ದುದು ಥ್ಯಾಂಕ್ ಯೂ ಮತ್ತು ನೋ ಮಾತ್ರ. ನರ್ಸುಗಳು ಗಟ್ಟಿಯಾಗಿ ಮಾತಾಡಿದರೆ ಅರ್ಥವಾದೀತೆಂದು ಅವರೊಡನೆ ಗಟ್ಟಿಯಾಗಿ ಮಾತಾಡುತ್ತಿದ್ದರು. ನನ್ನೊಡನೆಯೂ ಹಾಗೆಯೇ.

ಅವರ ಮಗಳು ಇನೆಸ್ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ನೀರು ಶುದ್ಧಿ ಮಾಡುವ ವಿಷಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮೂವತ್ತರ ಆಸುಪಾಸಿನ ಹುಡುಗಿ, ಸಂಜೆ ಬಸ್ಸಿನಲ್ಲಿ ಬರುತ್ತಿದ್ದಳು. ನನ್ನ ಇಂಗ್ಲಿಷೂ ಅವಳ ಇಂಗ್ಲಿಷೂ ಮನೆಯಿಂದಾಚೆ ಕಲಿತದ್ದೇ ಆದ್ದರಿಂದ ನಮ್ಮಿಬ್ಬರಿಗೆ ಮಾತು ಸುಲಭವಾಯಿತು. ಅಮ್ಮ ಮಗಳನ್ನು ನೋಡಿ ಹೋಗಲೆಂದು ಬೇಸಿಗೆಯಲ್ಲಿ ಬಂದವರು. ತೊಡೆ ನೋವೆನ್ನುತ್ತಿದ್ದರು. ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಮಗ್ಗುಲಾದಾಗ ತೊಡೆಯ ಮೂಳೆ ಮುರಿಯಿತು. ಬೀಳಲಿಲ್ಲ, ಬರೀ ಮಗ್ಗುಲಾದದ್ದು. ಪರೀಕ್ಷೆ ಮಾಡಿದರೆ ಕ್ಯಾನ್ಸರ್ ಮೂಳೆಯನ್ನು ಒಳಗಿಂದ ತಿಂದು ಮುಗಿಸಿತ್ತು. ವಿಮಾನದಲ್ಲಿ ಕಳಿಸುವ ಹಾಗಿಲ್ಲ ಎಂದರು ಡಾಕ್ಟರು. ಎಷ್ಟು ದಿನ ಎಂದು ಕೇಳಿದ್ದಕ್ಕೆ ತಿಂಗಳ ಲೆಕ್ಕ ಬೇಡ ಎಂದರಂತೆ.

ಅಮ್ಮನಿಗೆ ಗೊತ್ತೇ ಎಂದು ಕೇಳಿದೆ. ಅವಳು ಅಮ್ಮನ ಕಡೆ ನೋಡಿ, ನನಗಿಂತ ಮೊದಲೇ ಗೊತ್ತಾಗಿದೆ ಎಂದಳು.

ಡೊಲೊರೆಸ್ ಮತ್ತು ಈಸೂರು

ನಾನು ಚರಿತ್ರೆಯ ಟೀಚರೆಂದು ತಿಳಿದ ಮೇಲೆ ಅಮಾಲಿಯಾ ನನ್ನನ್ನು 'ಮಾಎಸ್ತ್ರಾ' ಎಂದು ಕರೆಯತೊಡಗಿದರು. ಅವರ ಭಾಷೆಯಲ್ಲಿ ಹಾಗೆಂದರೆ ಟೀಚರಮ್ಮ. ಸೆಪ್ಟೆಂಬರ್ ಮೊದಲ ವಾರ ಇನೆಸ್ ಹಸಿರು, ಬಿಳಿ, ಕೆಂಪು ಬಣ್ಣದ ಒಂದು ಕಾಗದದ ಬಾವುಟ ತಂದು ಅಮ್ಮನ ನೀರಿನ ಜಗ್ಗಿಗೆ ಸಿಕ್ಕಿಸಿದಳು. ನಮ್ಮ ಬಾವುಟದಲ್ಲೂ ಇದರಲ್ಲಿ ಎರಡು ಬಣ್ಣ ಇವೆ ಎಂದೆ. ಅಲ್ಲಿಂದ ಮಾತು ಬೆಳೆಯಿತು.

ಅವರದು ಡೊಲೊರೆಸ್ ಎಂಬ ಊರಿನ ಪಕ್ಕದ ಹಳ್ಳಿ. ಮುನ್ನೂರು ವರ್ಷ ಸ್ಪೇನಿನವರು ಆಳಿದ ನಾಡು. ಸಾವಿರದ ಎಂಟುನೂರ ಹತ್ತರ ಸೆಪ್ಟೆಂಬರ್ ಹದಿನಾರರಂದು ಬೆಳಗಾಗುವ ಹೊತ್ತಿಗೆ ಆ ಊರಿನ ಪಾದ್ರಿಯೊಬ್ಬ ಇಗರ್ಜಿಯ ಗಂಟೆ ಬಾರಿಸಿ ಜನ ಸೇರಿಸಿದ, ಏಳಿ ಎಂದು ಕೂಗಿದ. ರೇಷ್ಮೆ ಹುಳು ಸಾಕುವುದನ್ನು, ಮಡಕೆ ಮಾಡುವುದನ್ನು ಬಡವರಿಗೆ ಕಲಿಸುತ್ತಿದ್ದ ಮುದುಕ ಅವನು. ಜನ ಕುಡುಗೋಲು, ದೊಣ್ಣೆ ಹಿಡಿದು ಹೊರಟರು. ಈಗಲೂ ಹದಿನೈದರ ರಾತ್ರಿ ಪ್ರತಿ ಊರಿನ ಚೌಕದಲ್ಲಿ ಊರಿನ ಮುಖ್ಯಸ್ಥ ಮಾಳಿಗೆಯ ಮೇಲೆ ನಿಂತು ಗಂಟೆ ಬಾರಿಸಿ ಹುತಾತ್ಮರ ಹೆಸರು ಒಂದೊಂದಾಗಿ ಕೂಗುತ್ತಾನೆ. ಪ್ರತಿ ಹೆಸರಿಗೂ ಕೆಳಗಿನ ಜನ 'ವಿವಾ' ಎನ್ನುತ್ತಾರೆ. ನಮ್ಮ ಜೈಕಾರದಂತೆಯೇ.

ಅಮಾಲಿಯಾ ನಲವತ್ತು ವರ್ಷ ತಮ್ಮೂರಿನ ಚೌಕದ ಮೂಲೆಯಲ್ಲಿ ಸಾರು ಮಾರಿದವರು. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ಮಾಂಸ ಹಾಕಿ ಮಾಡುವ ಸಾರು. ಒಲೆ ಬಿಟ್ಟು ಬರುವ ಹಾಗಿರಲಿಲ್ಲ. ಮಾಳಿಗೆಯ ಮೇಲೆ ಕೂಗುವವನನ್ನು ಒಮ್ಮೆಯೂ ಕಣ್ಣಾರೆ ನೋಡದೆ, ಜನರ ಬೆನ್ನ ಹಿಂದೆ ಸೌಟು ಹಿಡಿದು 'ವಿವಾ' ಎಂದವರು.

ಆಮೇಲೆ ಪಾದ್ರಿ ಏನಾದ ಎಂದು ಕೇಳಿದೆ. ವರ್ಷ ತುಂಬುವ ಮೊದಲೇ ಹಿಡಿದು ಗುಂಡಿಟ್ಟರು ಎಂದಳು ಇನೆಸ್. ಅವನದೂ ಇನ್ನು ಮೂವರದೂ ತಲೆ ಕತ್ತರಿಸಿ, ಕಬ್ಬಿಣದ ಪಂಜರದಲ್ಲಿಟ್ಟು, ಗ್ವಾನಹ್ವಾತೊ ಪಟ್ಟಣದ ದೊಡ್ಡ ಕಣಜದ ನಾಲ್ಕು ಮೂಲೆಗೆ ತೂಗುಹಾಕಿದರು. ಹತ್ತು ವರ್ಷ ಅವು ಅಲ್ಲೇ ಇದ್ದವು. ಆ ಕೊಕ್ಕೆಗಳು ಈಗಲೂ ಇವೆ. ತಲೆಗಳಿಗೆ ಆ ಕಣಜವನ್ನೇ ಏಕೆ ಆರಿಸಿದರು ಎಂಬುದನ್ನೂ ಅವಳು ಹೇಳಿದಳು. ಅದರೊಳಗೆ ಬಚ್ಚಿಟ್ಟುಕೊಂಡಿದ್ದ ಸ್ಪೇನಿನವರನ್ನು ಪಾದ್ರಿಯ ಜನ ಬಾಗಿಲು ಸುಟ್ಟು ಒಳನುಗ್ಗಿ ಕೊಂದಿದ್ದರು. ಹಬ್ಬದ ದಿನ ಅದನ್ನು ಯಾರೂ ಹೇಳುವುದಿಲ್ಲ ಎಂದಳು.

ನಾನು ಈಸೂರಿನ ಕಥೆ ಹೇಳಿದೆ. ನಮ್ಮ ತಾಲೂಕಿನ ಹಳ್ಳಿ. ನಲವತ್ತೆರಡರಲ್ಲಿ ತಾನು ಸ್ವತಂತ್ರ ಎಂದು ಸಾರಿಕೊಂಡು ತನ್ನದೇ ಸರ್ಕಾರ ಮಾಡಿಕೊಂಡಿತು. ವಿಚಾರಿಸಲು ಬಂದ ಇಬ್ಬರು ಅಧಿಕಾರಿಗಳು ಗಲಾಟೆಯಲ್ಲಿ ಸತ್ತರು. ಪೊಲೀಸರು ಊರನ್ನು ಹಾಳುಗೆಡವಿದರು, ಐದು ಜನರನ್ನು ಗಲ್ಲಿಗೇರಿಸಿದರು. ಸತ್ತ ಅಧಿಕಾರಿಗಳ ಸಾಲನ್ನು ನಾನೂ ತರಗತಿಯಲ್ಲಿ ಬೇಗ ಬೇಗ ಓದಿ ಮುಂದೆ ಹೋಗುತ್ತಿದ್ದೆ ಎಂದು ಒಪ್ಪಿಕೊಂಡೆ.

ಇನೆಸ್ ಅದನ್ನೆಲ್ಲ ಅಮ್ಮನಿಗೆ ಹೇಳಿದಳು. ಅಮಾಲಿಯಾ ಏನೋ ಕೇಳಿದರು.

"ಆ ಐದು ಜನರ ತಾಯಂದಿರು ಆಮೇಲೆ ಏನು ಮಾಡಿದರು ಅಂತ ಕೇಳುತ್ತಿದ್ದಾಳೆ" ಎಂದಳು ಇನೆಸ್.

ಮೂವತ್ತು ವರ್ಷ ಆ ಪಾಠ ಮಾಡಿದ್ದೆ. ಪ್ರತಿ ಆಗಸ್ಟ್ ಹದಿನೈದರಂದು ಬಾವುಟದ ಕಂಬದ ಕೆಳಗೆ ಭಾಷಣ ಮಾಡಿ ಮಕ್ಕಳಿಗೆ ಪೆಪ್ಪರಮಿಂಟು ಹಂಚಿದ್ದೆ. ಈಸೂರಿಗೆ ಬಸ್ಸಿನಲ್ಲಿ ಹೋಗಿಬರುವುದು ಅರ್ಧ ದಿನದ ಕೆಲಸವೂ ಅಲ್ಲ. ಗೊತ್ತಿಲ್ಲ ಎಂದೆ. ಅಮಾಲಿಯಾ ಗೊತ್ತಿತ್ತು ಎನ್ನುವಂತೆ ತಲೆಯಾಡಿಸಿದರು.

ಹನ್ನೊಂದು ಮಾತ್ರೆ

ಹನ್ನೆರಡನೇ ತಾರೀಕು ನಾನು ಅದನ್ನು ಮೊದಲು ನೋಡಿದೆ. ನರ್ಸು ನೋವಿನ ಮಾತ್ರೆ ಕೊಟ್ಟು, ಅಮಾಲಿಯಾ ನೀರು ಕುಡಿದದ್ದನ್ನು ನೋಡಿ, ಗಾಡಿ ತಳ್ಳಿಕೊಂಡು ಮುಂದೆ ಹೋದಳು. ಅಮಾಲಿಯಾ ಬಾಯಿ ಒರೆಸಿಕೊಳ್ಳುವವರಂತೆ ಕಾಗದದ ಕರವಸ್ತ್ರ ಹಿಡಿದು ಮಾತ್ರೆಗಳನ್ನು ಅದರಲ್ಲಿ ಉಗುಳಿ ದಿಂಬಿನ ಕೆಳಗೆ ತುರುಕಿದರು. ತಿರುಗಿದಾಗ ನನ್ನ ಕಣ್ಣು ಕಂಡವು. ತುಟಿಯ ಮೇಲೆ ಬೆರಳಿಟ್ಟರು, ಸಣ್ಣಗೆ ನಕ್ಕರು. ನಾನೂ ನಕ್ಕೆ. ಕಹಿ ಔಷಧಿ ಬೇಡವಾದ ಮುದುಕಿ ಎಂದುಕೊಂಡೆ.

ಮರುದಿನವೂ ಹಾಗೆಯೇ ನಡೆಯಿತು. ಅಷ್ಟು ಹೊತ್ತಿಗೆ ನೋವು ಏರಿತ್ತು. ಅವರು ಕೂಗಲಿಲ್ಲ. ಹಾಸಿಗೆಯ ಪಕ್ಕದ ಕಂಬಿ ಹಿಡಿದು ಹಲ್ಲು ಕಚ್ಚಿ ಉಸಿರು ಬಿಡುತ್ತಿದ್ದರು. ಕೈಯ ಗಿಣ್ಣುಗಳು ಬೆಳ್ಳಗಾಗುತ್ತಿದ್ದವು. ಇನೆಸ್ ಬಂದಾಗ ಮಾತ್ರ ಮುಖ ಒರೆಸಿಕೊಂಡು ಜಡೆ ಸರಿಮಾಡಿಕೊಂಡು ಕುಳಿತು, ಅವಳು ಹೋಗುವವರೆಗೆ ಹರಟುತ್ತಿದ್ದರು. ಅಮ್ಮ ಇವತ್ತು ಎಷ್ಟು ಚುರುಕಾಗಿದ್ದಾಳೆ ನೋಡಿ ಎಂದು ಇನೆಸ್ ನನಗೆ ಹೇಳಿದಳು. ನಾನು ಅಮಾಲಿಯಾರ ಮುಖ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ನಾನು ಬಾಯಿ ಬಿಡಲಿಲ್ಲ.

ಹದಿನಾಲ್ಕರ ಸಂಜೆ ಮಂಜು ಬಂದಾಗ ಪಕ್ಕದ ಪರದೆಯ ಹಿಂದಿನಿಂದ ಆ ಉಸಿರು ಕೇಳುತ್ತಿತ್ತು. ಕೇಳಿ ಕೇಳಿ ನನಗೆ ಊಟ ಸೇರುತ್ತಿರಲಿಲ್ಲ, ಶೈಲಾ ಕಳಿಸಿದ ಚಿತ್ರಾನ್ನ ಡಬ್ಬಿಯಲ್ಲೇ ಇತ್ತು. ತಗ್ಗಿದ ದನಿಯಲ್ಲಿ ಮಾತ್ರೆಗಳ ವಿಷಯ ಹೇಳಿದೆ. ಅವರು ಯಾಕೆ ಹಾಗೆ ಮಾಡುತ್ತಾರೋ, ಮಗಳನ್ನು ಒಮ್ಮೆ ಕೇಳೋಣವೇ ಎಂದೆ.

ಮಂಜು ಕುರ್ಚಿಯಿಂದ ಎದ್ದ. "ಅಕ್ಕ, ಇದು ಹೇಳ್ದೆ ಇರೋಕಾಗಲ್ಲ. ಅವ್ರು ಎಷ್ಟು ಪೇನಲ್ಲಿದಾರೆ ಗೊತ್ತಾ ನಿಂಗೆ?"

"ನಾಳೆ ಇನೆಸ್ ಬರ್ತಾಳೆ. ಅವಳ ಹತ್ರ..."

"ನಾಳೆವರೆಗೂ ಯಾಕೆ ನರಳ್ಬೇಕು?"

ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ ಆ ಸದ್ದು ನಿಲ್ಲಲಿ ಎಂದು ನನಗೂ ಇತ್ತು. ಅವನು ಹೋಗಿ ವಾರ್ಡು ನೋಡಿಕೊಳ್ಳುವ ಸಿಸ್ಟರಿಗೆ ಹೇಳಿದ. ದಿಂಬು ಎತ್ತಿದಾಗ ಹನ್ನೊಂದು ಮಾತ್ರೆ ಸಿಕ್ಕವು. ಯಾರೂ ಗದರಲಿಲ್ಲ. ಡಾಕ್ಟರ್ ಬಂದು ಅಮಾಲಿಯಾರ ಕೈ ಹಿಡಿದು, ಅವರಿಗೆ ಅರ್ಥವಾಗದ ಇಂಗ್ಲಿಷಿನಲ್ಲಿ ಮೆತ್ತಗೆ ಏನೇನೋ ಹೇಳಿ, ಚರ್ಮದ ಕೆಳಗೆ ಸೂಜಿ ಹಾಕಿ, ಮಾರ್ಫಿನ್ ಸ್ವಲ್ಪ ಸ್ವಲ್ಪವೇ ಹೋಗುವ ಒಂದು ಚಿಕ್ಕ ಪಂಪು ಇಟ್ಟರು. ಅಮಾಲಿಯಾ ನೋ, ನೋ ಎಂದರು. ಅದಕ್ಕಿಂತ ಹೆಚ್ಚಿನ ಇಂಗ್ಲಿಷ್ ಅವರಿಗೆ ಇರಲಿಲ್ಲ. ಕಣ್ಣು ಮುಚ್ಚುವ ಮೊದಲು ಒಮ್ಮೆ ಈ ಕಡೆ ತಿರುಗಿ ನನ್ನನ್ನು ನೋಡಿದರು. ನಾನು ಕಿಟಕಿಯ ಕಡೆ ಮುಖ ಮಾಡಿದೆ.

ಹದಿನೈದನೇ ತಾರೀಕು

ಸಂಜೆ ಆರಕ್ಕೆ, ಭೇಟಿಯ ಸಮಯದಲ್ಲಿ, ಕಾಲು ಗಂಟೆ ಹಬ್ಬ ಮಾಡಿಕೊಳ್ಳಲು ಸಿಸ್ಟರ್ ಒಪ್ಪಿದ್ದರು. ಗಟ್ಟಿ ಸದ್ದು ಮಾಡುವ ಹಾಗಿಲ್ಲ. ಇನೆಸಳ ಜೊತೆ ನಾಲ್ವರು ಮೆಕ್ಸಿಕೋದ ವಿದ್ಯಾರ್ಥಿಗಳು ಬಂದರು. ಕೊರಳಿಗೆ ಮೂರು ಬಣ್ಣದ ರಿಬ್ಬನ್ನು, ಒಂದು ಫ್ಲಾಸ್ಕಿನಲ್ಲಿ ಆ ಜೋಳದ ಸಾರು, ನಮ್ಮ ಪೂಜೆಯ ಗಂಟೆಯಷ್ಟೇ ಇರುವ ಒಂದು ಹಿತ್ತಾಳೆ ಗಂಟೆ. ಮಾತ್ರೆ ಸಿಕ್ಕ ವಿಷಯವನ್ನು ಇನೆಸಳಿಗೆ ಬೆಳಿಗ್ಗೆಯೇ ಫೋನಿನಲ್ಲಿ ತಿಳಿಸಿದ್ದರು. ಅವಳ ಮುಖ ಬಿಳಿಚಿತ್ತು.

ಅಮಾಲಿಯಾ ಬಾಯಿ ಸ್ವಲ್ಪ ತೆರೆದು ಮಲಗಿದ್ದರು. ಹಿಂದಿನ ಎರಡು ದಿನದ ಬಿಗಿತ ಮುಖದಲ್ಲಿ ಇರಲಿಲ್ಲ. ಇನೆಸ್ ಅಮ್ಮನ ಜಡೆಗೆ ರಿಬ್ಬನ್ನು ಕಟ್ಟಿ, ಕೆನ್ನೆ ತಟ್ಟಿ, ಮಮಾ, ಮಮಾ ಎಂದು ಕರೆದಳು. ಹುಬ್ಬು ಅಲುಗಿತು, ಅಷ್ಟೇ. ಸಾರನ್ನು ಮೂಗಿನ ಹತ್ತಿರ ಹಿಡಿದಳು. ವಿದ್ಯಾರ್ಥಿಗಳು ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದರು. ಹತ್ತು ನಿಮಿಷ ಹೀಗೆಯೇ ಕಳೆಯಿತು. ಡೋರೀನ್ ಎದುರಿನಿಂದ ಯಾರ ಹುಟ್ಟುಹಬ್ಬ ಎಂದು ಕೇಳಿದರು. ಆಮೇಲೆ ತಾವೇ ನಡುಗುವ ದನಿಯಲ್ಲಿ ಹುಟ್ಟುಹಬ್ಬದ ಹಾಡು ಶುರು ಮಾಡಿ, ಹೆಸರು ಬರುವಲ್ಲಿ ನಿಲ್ಲಿಸಿಬಿಟ್ಟರು.

ಕೊನೆಗೆ ಇನೆಸ್ ಗಂಟೆಯನ್ನು ಕೈವಸ್ತ್ರದಲ್ಲಿ ಸುತ್ತಿ ಅಲ್ಲಾಡಿಸಿದಳು. ಪಿಸುದನಿಯಲ್ಲಿ ಒಂದೊಂದೇ ಹೆಸರು ಹೇಳಿದಳು. ನಾಲ್ವರೂ ಅಷ್ಟೇ ಪಿಸುದನಿಯಲ್ಲಿ 'ವಿವಾ' ಎಂದರು. ಮೂರನೇ ಹೆಸರಾದ ಮೇಲೆ ಅವಳು ಗಂಟೆಯನ್ನು ಅಮ್ಮನ ಹಾಸಿಗೆಯ ಮೇಲೆ ಇಟ್ಟುಬಿಟ್ಟಳು. ಉಳಿದದ್ದನ್ನು ಗಡ್ಡದ ಒಬ್ಬ ವಿದ್ಯಾರ್ಥಿ ಹೇಳಿ ಮುಗಿಸಿದ. ಕೊನೆಯ 'ವಿವಾ ಮೆಹಿಕೊ'ಗೆ, ಅವರ ದೇಶದ ಜೈಕಾರಕ್ಕೆ, ನಾನೂ ತುಟಿ ಅಲ್ಲಾಡಿಸಿದೆ. ಸಾರನ್ನು ಯಾರೂ ಕುಡಿಯಲಿಲ್ಲ.

ಹೊರಡುವಾಗ ಇನೆಸ್ ನನ್ನ ಹಾಸಿಗೆಯ ಹತ್ತಿರ ಬಂದಳು. ಈ ಸಲ ತಾನೇ ಕೂಗುತ್ತೇನೆ ಎಂದು ಅಮ್ಮ ವಾರದಿಂದ ಹೇಳುತ್ತಿದ್ದಳಂತೆ. ಎಲ್ಲರೂ ಅವಳ ಕೂಗಿಗೆ 'ವಿವಾ' ಎನ್ನಬೇಕಂತೆ. ಮಾತ್ರೆ ತೆಗೆದುಕೊಂಡರೆ ನಿದ್ದೆ ಬರುತ್ತದೆ, ಹೆಸರುಗಳು ಮರೆತು ಹೋಗುತ್ತವೆ ಎಂದೂ ಒಮ್ಮೆ ಅಂದಿದ್ದಳಂತೆ. "ಸುಮ್ಮನೆ ಹೇಳುತ್ತಾಳೆ ಅಂದುಕೊಂಡೆ" ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಹೇಳಬೇಕಾದದ್ದನ್ನು ಹೇಳಲಿಲ್ಲ.

ಹದಿನಾರರ ಬೆಳಿಗ್ಗೆ

ಬೆಳಗಿನ ಟೀ ಗಾಡಿ ಇನ್ನೂ ಬಂದಿರಲಿಲ್ಲ. ಕಿಟಕಿಯಲ್ಲಿ ಬೂದು ಬೆಳಕು. ಯಾರೋ ಮಾತಾಡಿದಂತಾಗಿ ತಿರುಗಿದರೆ ಅಮಾಲಿಯಾ ಕಣ್ಣು ತೆರೆದಿದ್ದರು. ನನ್ನನ್ನು ನೋಡುತ್ತಿದ್ದರೋ, ನನ್ನಾಚೆಗೆ ಕಿಟಕಿಯನ್ನೋ ಹೇಳಲಾರೆ. ಐದಾರು ಪದಗಳ ಒಂದು ಮಾತು ಆಡಿದರು. ನಡುವೆ ಒಮ್ಮೆ ಉಸಿರು ತೆಗೆದುಕೊಂಡರು. ಕೋಪದ ದನಿಯಲ್ಲ, ಅಳುವೂ ಅಲ್ಲ, ಕೆಲಸ ಹೇಳುವಾಗಿನ ದನಿ. ನಾನು ಕನ್ನಡದಲ್ಲೇ ಏನು ಅಮ್ಮ ಎಂದೆ. ಕರೆಗಂಟೆ ಒತ್ತಿದೆ. ನನ್ನ ಕಾಲು ಇಳಿಸಲು ಇನ್ನೊಬ್ಬರು ಬೇಕಿತ್ತು, ಹಾಗಾಗಿ ಕೈ ಮಾತ್ರ ಚಾಚಿದೆ. ಬೆರಳ ತುದಿ ಅವರ ಹೊದಿಕೆಗೆ ಮುಟ್ಟಿತು. ನರ್ಸು ಬರುವಷ್ಟರಲ್ಲಿ ಅವರು ಮತ್ತೆ ಕಣ್ಣು ಮುಚ್ಚಿದ್ದರು.

ಆಮೇಲೆ ತೆರೆಯಲಿಲ್ಲ. ಹದಿನೆಂಟರ ಮಧ್ಯಾಹ್ನ ನನ್ನನ್ನು ನಡಿಗೆ ಕಲಿಸಲು ಕರೆದೊಯ್ದಿದ್ದರು. ವಾಕರ್ ಹಿಡಿದು ಹನ್ನೆರಡು ಹೆಜ್ಜೆ ಇಟ್ಟೆನೆಂದು ಹುಡುಗಿಯೊಬ್ಬಳು ಚಪ್ಪಾಳೆ ತಟ್ಟಿದಳು. ಹಿಂದಿರುಗಿದಾಗ ಪಕ್ಕದ ಹಾಸಿಗೆಯ ಸುತ್ತ ಪರದೆ ಎಳೆದಿತ್ತು.

ಲಫ್‌ಬರೋ

ಅಕ್ಟೋಬರಿನಲ್ಲಿ, ಇನೆಸ್ ಅಮ್ಮನ ಬೂದಿಯನ್ನು ಊರಿಗೆ ಒಯ್ಯುವ ಹಿಂದಿನ ವಾರ, ಮಂಜು ನನ್ನನ್ನು ಕಾರಿನಲ್ಲಿ ಲಫ್‌ಬರೋಗೆ ಕರೆದುಕೊಂಡು ಹೋದ. ಸಾಲು ಸಾಲು ಇಟ್ಟಿಗೆ ಮನೆಗಳು, ಎಲ್ಲವೂ ಒಂದೇ ಅಚ್ಚು. ಇನೆಸ್ ಕಾಫಿ ಕೊಟ್ಟಳು. ಮಂಜು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತ.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಇಂಗ್ಲಿಷ್ ಎಲ್ಲ ಕೈಕೊಟ್ಟಿತು. "ಮಾತ್ರೆಯ ವಿಷಯ ಹೇಳಿದ್ದು ನಾನು" ಎಂದಷ್ಟೇ ಹೇಳಿದೆ.

"ಗೊತ್ತು. ಸಿಸ್ಟರ್ ಅವತ್ತೇ ಹೇಳಿದ್ದರು."

ಅವಳು ಕಾಫಿಯನ್ನು ಸುಮ್ಮನೆ ಕಲಕಿದಳು. "ನಾನು ನೋಡಿದ್ದರೂ ಹೇಳುತ್ತಿದ್ದೆ. ಆದರೂ ನಿಮ್ಮ ಮೇಲೆ ಸಿಟ್ಟು ಬಂತು. ಇನ್ನೂ ಸ್ವಲ್ಪ ಇದೆ."

ಇರಲಿ ಎಂದೆ. ಆಮೇಲೆ ಹದಿನಾರರ ಬೆಳಗಿನ ಮಾತನ್ನು ಹೇಳಿದೆ. ಆ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಕುರ್ಚಿಯನ್ನು ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡಳು. ಏನೆಂದಳು ಎಂದು ಕೇಳಿದಳು. ನಿಮ್ಮ ಭಾಷೆ ನನಗೆ ಬಾರದಲ್ಲ ಎಂದೆ. ಸದ್ದು ಹೇಗಿತ್ತು, ಉದ್ದ ಎಷ್ಟಿತ್ತು, ಯಾವುದರಿಂದ ಮುಗಿಯಿತು ಎಂದು ಕೇಳಿದಳು. ನೆನಪಿದ್ದಷ್ಟನ್ನು ಗುನುಗಿದೆ. ಅದು ಯಾವ ಭಾಷೆಯೂ ಆಗಿರಲಿಲ್ಲ.

ಅವಳು ಬಿಡಲಿಲ್ಲ. ಅವರ ಭಾಷೆಯಲ್ಲಿ ಒಂದು ವಾಕ್ಯ ಹೇಳಿ, ಇದಾ ಎಂದಳು. ಅಲ್ಲ ಎಂದೆ. ಇನ್ನೊಂದು ಹೇಳಿದಳು. ಅಲ್ಲ. ಅಮ್ಮ ಅವಳನ್ನು ಶಾಲೆಗೆ ಕಳಿಸುವಾಗ ಹೇಳುತ್ತಿದ್ದುದಿರಬೇಕು, ಒಲೆಯ ಮುಂದೆ ಹೇಳುತ್ತಿದ್ದುದಿರಬೇಕು, ಪ್ರಾರ್ಥನೆಯಿರಬೇಕು. ಪ್ರತಿಯೊಂದನ್ನೂ ಅಮ್ಮನ ದನಿಯಲ್ಲೇ ಹೇಳಲು ನೋಡುತ್ತಿದ್ದಳು. ನಾನು ಕಣ್ಣು ಮುಚ್ಚಿ ಕೇಳಿದೆ. ಆರು, ಏಳು, ಎಂಟು. ಕೇಳುತ್ತ ಹೋದಂತೆ ಆ ಬೆಳಗಿನ ಸದ್ದೇ ನನ್ನ ತಲೆಯಿಂದ ಅಳಿಸುತ್ತ ಹೋಯಿತು. ಅವಳ ದನಿ ಒಡೆಯತೊಡಗಿತ್ತು. ಮುಂದಿನದು ಐದಾರು ಪದದ್ದಿತ್ತು, ನಡುವೆ ಉಸಿರಿಗೆ ಜಾಗವಿತ್ತು.

"ಇದೇ" ಎಂದೆ.

ಇದೇ ಇರಬಹುದು ಎನ್ನಲಿಲ್ಲ. ಇದೇ ಎಂದೆ.

ಇನೆಸ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅದನ್ನು ಇನ್ನೊಮ್ಮೆ ಹೇಳಿದಳು, ನನಗಲ್ಲ. ಅದರ ಅರ್ಥವನ್ನು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಬಾಗಿಲಿನವರೆಗೆ ಬಂದು ನನ್ನನ್ನು ಕೋಲಿನ ಸಮೇತ ಅಪ್ಪಿಕೊಂಡಳು.

ಕಾರು ಊರು ದಾಟಿ ದೊಡ್ಡ ರಸ್ತೆಗೆ ಬಂದ ಮೇಲೆ ಮಂಜು ಕೇಳಿದ. "ಅಕ್ಕ, ನಿಜವಾಗ್ಲೂ ಅದೇನಾ ಅವ್ರು ಅಂದಿದ್ದು?"

ರಸ್ತೆ ನೋಡಿಕೊಂಡು ಓಡಿಸು ಎಂದೆ.